ಆರ್‌ವಿ ಟ್ರಿಪ್‌ಗೆ ವಾಕಿ ಟಾಕಿ ಇನ್ನೂ ಬೇಕಾ?

(ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಕನ್ನಡದವರ ಒಂದು ಸಣ್ಣ ಸೇರಿಕೆಯಲ್ಲಿ ಮಾತಾಡಿದ್ದು. ಬರೋಕಾಗದವರು ಕೇಳಿದ್ರು ಅಂತ ಟೈಪ್ ಮಾಡಿ ಹಾಕ್ತಿದೀನಿ, ಮಾತಾಡಿದ ಹಾಗೇ ಇದೆ, ಜಾಸ್ತಿ ತಿದ್ದಿಲ್ಲ.)

ಎಲ್ರಿಗೂ ನಮಸ್ಕಾರ. ಮೊದಲೇ ಹೇಳ್ಬಿಡ್ತೀನಿ, ನಾನು ಹ್ಯಾಮ್ ರೇಡಿಯೋ (ಲೈಸೆನ್ಸ್ ತಗೊಂಡು ಹವ್ಯಾಸಕ್ಕೆ ಮಾತಾಡೋ ರೇಡಿಯೋ) ಹುಚ್ಚಿನವನು, ಹಾಗಾಗಿ ರೇಡಿಯೋ ಬೇಕಾ ಅಂತ ನನ್ನ ಕೇಳಿದ್ರೆ ಬೇಕು ಅಂತಾನೇ ಬಾಯಿಗೆ ಬರೋದು, ಅಷ್ಟನ್ನ ಕಳೆದು ಮಿಕ್ಕಿದ್ದು ಕೇಳಿಸ್ಕೊಳ್ಳಿ. ಆರ್‌ವಿ, ಅಂದ್ರೆ ಒಳಗೇ ಹಾಸಿಗೆ ಅಡುಗೆ ಮನೆ ಎಲ್ಲ ಇರೋ ಗಾಡಿ, ಅದರಲ್ಲಿ ಟ್ರಿಪ್ ಹೋಗೋಕೆ ವಾಕಿ ಟಾಕಿ ಇನ್ನೂ ಬೇಕಾ ಅನ್ನೋ ಪ್ರಶ್ನೆ ಮಾತ್ರ ನ್ಯಾಯವಾಗೇ ಇದೆ. ಎಲ್ಲರ ಜೇಬಲ್ಲೂ ಫೋನ್ ಇದೆ, ಈಗ ಫೋನೇ ಸ್ಯಾಟಲೈಟ್ ಹಿಡಿಯುತ್ತೆ, ಕೆಲವರಂತೂ ಆರ್‌ವಿ ತಲೆ ಮೇಲೆ ಸ್ಯಾಟಲೈಟ್ ಇಂಟರ್ನೆಟ್ ಕೊಡೋ ಸ್ಟಾರ್‌ಲಿಂಕ್ ಇಟ್ಕೊಂಡು ಕಾಡಲ್ಲಿ ಕೂತು ಆಫೀಸ್ ಮೀಟಿಂಗ್ ಮಾಡ್ತಾರೆ. ಇಂಥ ಕಾಲದಲ್ಲಿ ಬಟನ್ ಒತ್ತಿ ಹಿಡ್ಕೊಂಡು ಮಾತಾಡೋ ಡಬ್ಬ ಯಾಕೆ?

ನಾನು ಹೇಳೋದು ಇಷ್ಟೇ: ದೂರದವರ ಜೊತೆ ಮಾತಾಡೋಕೆ ಅದು ಬೇಡ, ಆ ಕೆಲಸ ಫೋನ್ ತಗೊಂಡಾಯ್ತು. ಹತ್ತಿರದವರ ಜೊತೆ ಮಾತಾಡೋಕೆ ಬೇಕು. ಮೂವತ್ತು ಅಡಿ ಗಾಡಿಯ ಹಿಂದೆ ನಿಂತಿರೋ ಹೆಂಡತಿ ಜೊತೆ, ಅರ್ಧ ಮೈಲಿ ಹಿಂದೆ ಬರ್ತಿರೋ ಇನ್ನೊಂದು ಆರ್‌ವಿಯ ಭಾವನ ಜೊತೆ. ರೇಡಿಯೋ ಕೊಳ್ಳೋಕೆ ಹೋಗೋ ಹೆಚ್ಚಿನವರು ಡಬ್ಬದ ಮೇಲೆ ಎಷ್ಟು ಮೈಲಿ ಅಂತ ಬರೆದಿದೆ ಅಂತ ನೋಡ್ತಾರೆ, ಅಲ್ಲೇ ದಾರಿ ತಪ್ಪೋದು.

ಸ್ವಲ್ಪ ಹಳೇ ಕಥೆ ಹೇಳ್ತೀನಿ, ಯಾಕಂದ್ರೆ ಆರ್‌ವಿ ಮತ್ತು ರೇಡಿಯೋ ಅಂದ ತಕ್ಷಣ ಇಲ್ಲಿಯ ಹಳಬರಿಗೆ ನೆನಪಾಗೋದು ಸಿಬಿ, ಅಂದ್ರೆ ಸಿಟಿಜನ್ಸ್ ಬ್ಯಾಂಡ್, ಸಾಮಾನ್ಯ ಜನ ಮಾತಾಡೋಕೆ ಅಂತ ಬಿಟ್ಟಿರೋ ರೇಡಿಯೋ. 1973ರಲ್ಲಿ ಪೆಟ್ರೋಲ್ ಬಿಕ್ಕಟ್ಟು ಬಂತು, 1974ರಲ್ಲಿ ದೇಶ ಪೂರ್ತಿ 55 ಮೈಲಿ ಸ್ಪೀಡ್ ಲಿಮಿಟ್ ಹಾಕಿದ್ರು, ಎಲ್ಲಿ ಡೀಸೆಲ್ ಸಿಗ್ತಿದೆ ಎಲ್ಲಿ ಪೊಲೀಸ್ ಬಚ್ಚಿಟ್ಕೊಂಡು ಕೂತಿದಾನೆ ಅಂತ ಟ್ರಕ್ಕಿನವರು ಒಬ್ಬರಿಗೊಬ್ಬರು ಸಿಬಿಯಲ್ಲಿ ಹೇಳ್ಕೊಳ್ಳೋಕೆ ಶುರು ಮಾಡಿದ್ರು. ಅವರನ್ನ ನೋಡಿ ಕಾರಿನವರು, ಕಾರಿನವರನ್ನ ನೋಡಿ ಆರ್‌ವಿಯವರು. ಪ್ರೆಸಿಡೆಂಟ್ ಫೋರ್ಡ್ ಅವರ ಹೆಂಡತಿ ಬೆಟ್ಟಿ ಫೋರ್ಡ್ ಕೂಡ "ಫಸ್ಟ್ ಮಾಮಾ" ಅಂತ ಹೆಸರಿಟ್ಕೊಂಡು ಮಾತಾಡ್ತಿದ್ರು ಅಂದ್ರೆ ಹುಚ್ಚು ಎಷ್ಟಿತ್ತು ಅಂತ ಲೆಕ್ಕ ಹಾಕಿ. ಇದ್ದ 23 ಚಾನೆಲ್ ಸಾಲದೆ 1977ರಲ್ಲಿ 40 ಮಾಡಿದ್ರು. ಲೈಸೆನ್ಸ್ ಅರ್ಜಿಗಳ ರಾಶಿ ಸಂಭಾಳಿಸೋಕಾಗದೆ ಕೊನೆಗೆ 1983ರಲ್ಲಿ ಲೈಸೆನ್ಸನ್ನೇ ತೆಗೆದು ಹಾಕಿದ್ರು.

ಈಗ? ಹೈವೇಲಿ ಚಾನೆಲ್ 19 ಹಾಕಿದ್ರೆ ಟ್ರಕ್ಕಿನವರು ಇನ್ನೂ ಸಿಗ್ತಾರೆ, ಆದ್ರೆ ಗಂಟೆಗಟ್ಲೆ ಮೌನಾನೂ ಇರುತ್ತೆ, ಮಾತು ಬಂದಾಗ ಮಕ್ಕಳ ಕಿವಿ ಮುಚ್ಚಬೇಕಾದಂಥ ಭಾಷೆನೂ ಬರುತ್ತೆ. ಮುಂದೆ ಆಕ್ಸಿಡೆಂಟ್ ಆಗಿದೆ, ಎಡಗಡೆ ಲೇನ್ ಬ್ಲಾಕ್ ಅನ್ನೋದನ್ನ ಮ್ಯಾಪ್ ಆಪ್‌ಗಳೇ ಹೇಳ್ತವೆ. ಚಾನೆಲ್ 9 ಎಮರ್ಜೆನ್ಸಿಗೆ ಅಂತ ಇಟ್ಟಿರೋದು ನಿಜ, ಆದ್ರೆ ಅದರಲ್ಲಿ ಕೂಗಿದ್ರೆ ಯಾರಾದ್ರೂ ಕೇಳಿಸ್ಕೊಳ್ತಾರೆ ಅಂತ ನಂಬ್ಕೊಂಡು ಡೆತ್ ವ್ಯಾಲಿಗೆ ಹೋಗ್ಬೇಡಿ ದಯವಿಟ್ಟು.

ಇನ್ನೊಂದು ತೊಂದರೆ ಆಂಟೆನಾ. ಸಿಬಿ 27 ಮೆಗಾಹರ್ಟ್ಸ್, ಅಂದ್ರೆ ಅಲೆಯ ಉದ್ದ ಹನ್ನೊಂದು ಮೀಟರ್, ಅದಕ್ಕೆ ಸರಿಯಾದ ಕ್ವಾರ್ಟರ್ ವೇವ್ (ಅಲೆಯ ಕಾಲು ಭಾಗ ಉದ್ದದ) ಆಂಟೆನಾ ಅಂದ್ರೆ ಒಂಬತ್ತು ಅಡಿ ಕೋಲು. ಚಿಕ್ಕದೂ ಸಿಗುತ್ತೆ, ಆದ್ರೆ ಅದರ ಕೆಳಗೆ ಅಗಲವಾದ ಲೋಹದ ಹಾಳೆ ಇದ್ರೇನೇ ಸರಿಯಾಗಿ ಕೆಲಸ ಮಾಡೋದು, ಮತ್ತೆ ಆರ್‌ವಿ ಚಾವಣಿ ಬಹಳ ಸಲ ಫೈಬರ್‌ಗ್ಲಾಸ್ ಇಲ್ಲಾ ರಬ್ಬರ್ ಪದರ. ಮ್ಯಾಗ್ನೆಟ್ ಅಂಟಲ್ಲ. ಬಾಡಿಗೆ ಗಾಡಿಗೆ ತೂತು ಕೊರೆಯೋ ಹಾಗಿಲ್ಲ. ಕ್ಲಾಸ್ ಸಿ ಅನ್ನೋ ಮಧ್ಯಮ ಗಾತ್ರದ ಆರ್‌ವಿಯ ಎತ್ತರ ಮೊದಲೇ ಹನ್ನೊಂದು ಹನ್ನೆರಡು ಅಡಿ, ಅದರ ಮೇಲೆ ಕೋಲು ನಿಲ್ಲಿಸ್ಕೊಂಡು ಹಳೇ ಸೇತುವೆ ಕೆಳಗೆ ನುಗ್ಗಿದ್ರೆ ಏನಾಗುತ್ತೆ ಅಂತ ನಾನು ಹೇಳ್ಬೇಕಾಗಿಲ್ಲ. ಸಾಲದ್ದಕ್ಕೆ ಸೂರ್ಯನ ಮೇಲೆ ಚಟುವಟಿಕೆ ಜೋರಾಗಿರೋ ವರ್ಷಗಳಲ್ಲಿ, 2024ರಲ್ಲಿ ಹಾಗೇ ಇತ್ತು, ಈ ಬ್ಯಾಂಡ್‌ನ ಸಿಗ್ನಲ್ ಮೇಲಿನ ವಾತಾವರಣಕ್ಕೆ ಬಡಿದು ವಾಪಸ್ ಬರುತ್ತೆ, ಆಗ ಟೆಕ್ಸಾಸ್‌ನವನ ಗಲಾಟೆ ಇಲ್ಲಿ ಕೇಳುತ್ತೆ, ಪಕ್ಕದ ಗಾಡಿಯವನ ಮಾತು ಮಾತ್ರ ಅದರಡಿ ಮುಳುಗಿ ಹೋಗುತ್ತೆ.

ಒಂದು ಕಡೆ ಮಾತ್ರ ಸಿಬಿ ಇಟ್ಕೊಳ್ಳಿ ಅಂತೀನಿ. ಅಲಾಸ್ಕಾದಲ್ಲಿ ಡಾಲ್ಟನ್ ಹೈವೇ, ಡೆಡ್‌ಹಾರ್ಸ್‌ವರೆಗೆ 414 ಮೈಲಿ, ಎಷ್ಟೋ ಕಡೆ ಬರೀ ಜಲ್ಲಿ ರೋಡು. ಅಲ್ಲಿ ತೈಲ ಬಾವಿಗಳಿಗೆ ಸಾಮಾನು ಹೊರೋ ಟ್ರಕ್‌ಗಳದ್ದೇ ರಾಜ್ಯ, ಅವರು ಚಾನೆಲ್ 19ರಲ್ಲಿ ಮಾತಾಡ್ಕೊಂಡೇ ಓಡಿಸ್ತಾರೆ, ಸಿಬಿ ತನ್ನಿ ಅಂತ ಅಲ್ಲಿಯ ಸರ್ಕಾರಿ ಗೈಡ್‌ನಲ್ಲೇ ಇದೆ. ಆದ್ರೆ ಸಾಮಾನ್ಯವಾಗಿ ಬಾಡಿಗೆ ಆರ್‌ವಿಯನ್ನ ಆ ರೋಡಿಗೆ ಬಿಡೋದೇ ಇಲ್ಲ, ಹಾಗಾಗಿ ಇಲ್ಲಿ ಕೂತಿರೋ ಹೆಚ್ಚಿನವರಿಗೆ ಅದು ಬರೀ ಕಥೆ.

ಸರಿ, ಈಗ ನಿಜವಾಗ್ಲೂ ಉಪಯೋಗ ಆಗೋ ಜಾಗಕ್ಕೆ ಬರೋಣ. ರಿವರ್ಸ್.

ಬಾಡಿಗೆ ಆರ್‌ವಿ ತಗೊಂಡವರಿಗೆ ಗೊತ್ತು, ಇಡೀ ದಿನ ಹೈವೇಲಿ ಓಡಿಸೋದು ಕಷ್ಟ ಅಲ್ಲ, ಸಂಜೆ ಕ್ಯಾಂಪ್‌ಗ್ರೌಂಡ್‌ನಲ್ಲಿ ಬ್ಯಾಕ್ ಇನ್ ಸೈಟ್‌ಗೆ, ಅಂದ್ರೆ ರಿವರ್ಸ್‌ನಲ್ಲೇ ನುಗ್ಗಿಸಬೇಕಾದ ಜಾಗಕ್ಕೆ, ಗಾಡಿ ಹಾಕೋದೇ ಕಷ್ಟ. ಎರಡೂ ಕಡೆ ಮರ, ಒಂದು ಕಡೆ ಕರೆಂಟ್ ಕಂಬ, ಒಂದು ಕಡೆ ಪಿಕ್ನಿಕ್ ಟೇಬಲ್, ಗಾಡಿ ಅಗಲ ಎಂಟೂವರೆ ಅಡಿ, ಆಗ್ಲೇ ಊಟ ಮಾಡ್ತಾ ಕೂತಿರೋ ಅಕ್ಕಪಕ್ಕದವರೆಲ್ಲ ಪುಕ್ಕಟೆ ನಾಟಕ ಶುರುವಾಯ್ತು ಅಂತ ಕುರ್ಚಿ ತಿರುಗಿಸ್ಕೊಂಡು ಕೂರ್ತಾರೆ. ಹಿಂದೆ ನಿಂತವರು ಕೂಗಿದ್ದು ಎಂಜಿನ್ ಸದ್ದಲ್ಲಿ, ಜನರೇಟರ್ ಸದ್ದಲ್ಲಿ ಮುಂದಿನವರಿಗೆ ಕೇಳಲ್ಲ, ಕೈ ಸನ್ನೆ ಕತ್ತಲಲ್ಲಿ ಕಾಣಲ್ಲ, ಕನ್ನಡಿಯಲ್ಲಿ ಕಂಡ್ರೂ ಬಾ ಅಂತಿದಾರಾ ನಿಲ್ಸು ಅಂತಿದಾರಾ ಗೊತ್ತಾಗಲ್ಲ. ಆಮೇಲೆ ರಾತ್ರಿ ಊಟದವರೆಗೂ ಗಂಡ ಹೆಂಡತಿ ಮಾತಿಲ್ಲ.

ರಿಯರ್ ಕ್ಯಾಮೆರಾ ಇದೆಯಲ್ಲ ಅಂತೀರಾ. ಇದೆ. ಆದ್ರೆ ಅದಕ್ಕೆ ಕಾಣೋದು ಹಿಂದಿನ ನೆಲ, ಬಂಪರ್ ಹತ್ರದ ಕಲ್ಲು. ಹನ್ನೊಂದು ಅಡಿ ಮೇಲೆ ಅಡ್ಡ ಬಂದಿರೋ ಕೊಂಬೆ ಕಾಣಲ್ಲ, ಎಸಿ ಹೊಡ್ಕೊಂಡು ಹೋಗೋದು ಅದೇ ಕೊಂಬೆ. ತಿರುಗಿಸುವಾಗ ಮುಂದಿನ ಮೂಲೆ ಆಚೆ ಕಡೆಯ ಕಂಬಕ್ಕೆ ತಾಗೋದೂ ಕಾಣಲ್ಲ. ಅದಕ್ಕೆ ಹೊರಗೆ ಒಬ್ಬರು ಕಣ್ಣಿರೋ ಮನುಷ್ಯ ನಿಲ್ಲಲೇಬೇಕು, ಆ ಮನುಷ್ಯನ ಮಾತು ಮೆತ್ತಗೆ ಡ್ರೈವರ್ ಕಿವಿ ಪಕ್ಕದಲ್ಲೇ ಕೇಳಬೇಕು. ಫೋನಲ್ಲಿ ಕಾಲ್ ಹಾಕಿ ಸ್ಪೀಕರ್‌ನಲ್ಲಿಟ್ರೂ ಆಗುತ್ತೆ, ನೆಟ್‌ವರ್ಕ್ ಇದ್ರೆ. ಒಳ್ಳೊಳ್ಳೆ ಕ್ಯಾಂಪ್‌ಗ್ರೌಂಡ್‌ಗಳು ನೆಟ್‌ವರ್ಕ್ ಇಲ್ಲದ ಕಡೆನೇ ಇರ್ತವೆ ಅನ್ನೋದೇ ತೊಂದ್ರೆ.

ಇದಕ್ಕೆ ನಿಮಗೆ ಬೇಕಾಗಿರೋದು ಅಂಗಡಿಯಲ್ಲಿ ಜೋಡಿಯಾಗಿ ಸಿಗೋ ಸಾಧಾರಣ ಎಫ್‌ಆರ್‌ಎಸ್ (ಫ್ಯಾಮಿಲಿ ರೇಡಿಯೋ ಸರ್ವೀಸ್) ವಾಕಿ ಟಾಕಿ ಅಷ್ಟೇ. ಲೈಸೆನ್ಸ್ ಬೇಡ, 22 ಚಾನೆಲ್, ನಿಯಮದ ಪ್ರಕಾರ ಹೆಚ್ಚೆಂದ್ರೆ 2 ವಾಟ್. ನೂರು ಅಡಿ ದೂರಕ್ಕೆ ಅರ್ಧ ವಾಟೇ ಜಾಸ್ತಿ ಆಯ್ತು.

ಆದ್ರೆ ಬರೀ ಡಬ್ಬ ಕೊಂಡ್ರೆ ಜಗಳ ನಿಲ್ಲಲ್ಲ, ಮೊದಲೇ ಭಾಷೆ ಮಾತಾಡ್ಕೊಳ್ಳಿ. ಎಡ ಬಲ ಅನ್ನಬೇಡಿ, ಎದುರು ಬದುರು ನಿಂತವರಿಗೆ ಯಾರ ಎಡ ಯಾರ ಬಲ ಅನ್ನೋದೇ ಗೊಂದಲ, ಡ್ರೈವರ್ ಸೈಡು ಪ್ಯಾಸೆಂಜರ್ ಸೈಡು ಅನ್ನಿ. ಎಷ್ಟು ಅಡಿ ಉಳಿದಿದೆ ಅಂತ ಎಣಿಸಿ, ಹತ್ತು, ಆರು, ಮೂರು, ಸ್ಟಾಪ್. "ಬಾ ಬಾ ಬಾ ಇನ್ನೂ ಸ್ವಲ್ಪ" ಅನ್ನೋದು ನಮ್ಮೂರ ಬಸ್ ಸ್ಟ್ಯಾಂಡಲ್ಲಿ ನಡೆಯುತ್ತೆ, ಸ್ವಲ್ಪ ಅಂದ್ರೆ ಎಷ್ಟು ಅಂತ ಅಲ್ಲಿ ಕಂಡಕ್ಟರ್‌ಗೂ ಡ್ರೈವರ್‌ಗೂ ವರ್ಷಗಟ್ಲೆ ಪಳಗಿರುತ್ತೆ. ಇನ್ನೊಂದು, ಬಟನ್ ಒತ್ತಿದ ತಕ್ಷಣ ಮಾತಾಡಿದ್ರೆ ಮೊದಲ ಅಕ್ಷರ ನುಂಗಿ ಹೋಗುತ್ತೆ, ಒತ್ತಿ ಒಂದು ಕ್ಷಣ ಬಿಟ್ಟು ಮಾತಾಡಿ. ಮತ್ತೆ ಇದು ಎಲ್ಲಕ್ಕಿಂತ ಮುಖ್ಯ: ಹಿಂದಿನಿಂದ ಮಾತು ನಿಂತ್ರೆ ಗಾಡಿನೂ ನಿಲ್ಲಬೇಕು. ಬ್ಯಾಟರಿ ಹೋಗಿರಬಹುದು, ನಿಂತವರು ಎಡವಿ ಬಿದ್ದಿರಬಹುದು, ಏನೋ ಗೊತ್ತಿಲ್ಲ, ನಿಲ್ಸಿ ಇಳಿದು ನೋಡಿ.

ಎರಡನೇ ಉಪಯೋಗ ಎರಡು ಮೂರು ಆರ್‌ವಿ ಸೇರಿ ಹೋಗುವಾಗ. ನಮ್ಮವರು ಹೋಗೋದೇ ಹಾಗೆ, ಮೂರು ಸಂಸಾರ, ಊರಿಂದ ಬಂದಿರೋ ಅಪ್ಪ ಅಮ್ಮ, ಒಂದು ಗಾಡೀಲಿ ಪುಳಿಯೋಗರೆ ಇನ್ನೊಂದರಲ್ಲಿ ಮೊಸರನ್ನ. ಇಲ್ಲಿ ಫೋನ್‌ಗಿಂತ ರೇಡಿಯೋ ಯಾಕೆ ವಾಸಿ ಅಂದ್ರೆ ಡಯಲ್ ಮಾಡೋದಿಲ್ಲ, ರಿಂಗ್ ಆಗಿ ಎತ್ತೋದಿಲ್ಲ, ಒಬ್ಬರು ಹೇಳಿದ್ದು ಅದೇ ಕ್ಷಣ ಎಲ್ಲ ಗಾಡಿಗೂ ಕೇಳುತ್ತೆ. ಮುಂದಿನ ಗಾಡಿಯವರು "ಬಲಗಡೆ ಜಿಂಕೆ" ಅಂದ್ರೆ ಹಿಂದಿನವರಿಗೆ ಹತ್ತು ಸೆಕೆಂಡ್ ಸಿಗುತ್ತೆ. ವಾಟ್ಸಾಪ್ ಗ್ರೂಪಲ್ಲಿ ಆ ಮೆಸೇಜ್ ಓದೋ ಹೊತ್ತಿಗೆ ಜಿಂಕೆ ಎಲ್ಲಿಗೋ ಹೋಗಿರುತ್ತೆ.

ಕ್ಯಾಲಿಫೋರ್ನಿಯಾದವರಿಗೆ ಇನ್ನೊಂದು ಮಾತು. ಎರಡು ಲೇನ್ ರೋಡಲ್ಲಿ ನಿಧಾನ ಹೋಗೋ ಗಾಡಿ ಹಿಂದೆ ಐದು ಅಥವಾ ಹೆಚ್ಚು ಗಾಡಿ ಸೇರಿಕೊಂಡು ಅವರಿಗೆ ಓವರ್‌ಟೇಕ್ ಮಾಡೋಕಾಗದಿದ್ರೆ ಮುಂದಿನ ಟರ್ನ್‌ಔಟ್‌ನಲ್ಲಿ ಪಕ್ಕಕ್ಕೆ ಹೋಗಿ ಬಿಟ್ಕೊಡಬೇಕು, ಅದು ಕಾನೂನು. ಬಿಗ್ ಸರ್ ಕಡೆ ಹೈವೇ 1ರಲ್ಲಿ ಆರ್‌ವಿ ಓಡಿಸಿದವರಿಗೆ ಇದರ ಕಷ್ಟ ಗೊತ್ತು, ಫೋನ್ ಸಿಗ್ನಲ್ ಅಲ್ಲಿ ಎಷ್ಟೋ ದೂರ ಇರಲ್ಲ. ಮೂರು ಆರ್‌ವಿ ಸಾಲಾಗಿ ಹೋಗ್ತಿದ್ರೆ ಮುಂದಿನವರಿಗೆ ಕಾಣೋದು ತಮ್ಮ ಹಿಂದಿನ ಆರ್‌ವಿ ಮಾತ್ರ, ಅದರ ಹಿಂದೆ ಎಷ್ಟು ಕಾರು ಸೇರಿದೆ ಅನ್ನೋದು ಕೊನೆಯವರಿಗೆ ಮಾತ್ರ ಗೊತ್ತು. ಕೊನೆಯವರು "ಏಳು ಕಾರಿದೆ, ಬಿಟ್ಕೊಡೋಣ" ಅಂದ್ರೆ ಮೂರೂ ಒಟ್ಟಿಗೆ ಪಕ್ಕಕ್ಕೆ ಹೋಗಬಹುದು. ಆದ್ರೆ ಒಂದು ಮಾತು ರೇಡಿಯೋದಲ್ಲಿ ಹೇಳಲೇಬೇಡಿ, "ಎದುರು ಯಾರೂ ಇಲ್ಲ, ಓವರ್‌ಟೇಕ್ ಮಾಡು ಬಾ" ಅಂತ. ತನ್ನ ಕಣ್ಣಿಗೆ ಕಾಣದ ರೋಡಿಗೆ ಬೇರೆಯವರ ಮಾತು ನಂಬಿ ಯಾರೂ ಗಾಡಿ ಹಾಕಬಾರದು.

ಸಾಲು ಗಾಡಿಗಳಿಗೆ ಎಫ್‌ಆರ್‌ಎಸ್ ಸ್ವಲ್ಪ ಕಮ್ಮಿ ಬೀಳುತ್ತೆ, ಅಲ್ಯೂಮಿನಿಯಂ ಗೋಡೆ ಒಳಗೆ ಕೂತು ಕೈ ರೇಡಿಯೋ ಬಳಸಿದ್ರೆ ಸಿಗ್ನಲ್ ಹೊರಗೆ ಹೋಗೋದು ಕಿಟಕಿಯಿಂದ ಮಾತ್ರ. ಎಫ್‌ಆರ್‌ಎಸ್ ಡಬ್ಬಕ್ಕೆ ಹೊರಗಿನ ಆಂಟೆನಾ ಹಾಕೋ ಹಾಗೂ ಇಲ್ಲ, ನಿಯಮ ಬಿಡಲ್ಲ. ಆಗ ನೋಡಬೇಕಾದ್ದು ಜಿಎಂಆರ್‌ಎಸ್, ಅಂದ್ರೆ ಜನರಲ್ ಮೊಬೈಲ್ ರೇಡಿಯೋ ಸರ್ವೀಸ್. ಚಾನೆಲ್‌ಗಳು ಹೆಚ್ಚು ಕಮ್ಮಿ ಅವೇ, ಆದ್ರೆ ಗಾಡಿಗೆ ಕೂರಿಸೋ ಸೆಟ್ ಸಿಗುತ್ತೆ, ಹೊರಗೆ ಆಂಟೆನಾ ಹಾಕಬಹುದು, ಕೆಲವು ಚಾನೆಲ್‌ನಲ್ಲಿ 50 ವಾಟ್‌ವರೆಗೆ ಬಿಡ್ತಾರೆ, ಬೆಟ್ಟದ ಮೇಲಿನ ರಿಪೀಟರ್ (ನಮ್ಮ ಮಾತು ಹಿಡಿದು ಮತ್ತೆ ದೂರಕ್ಕೆ ಕಳಿಸೋ ಸೆಟ್) ಕೂಡ ಬಳಸಬಹುದು. ಆಂಟೆನಾ ಒಂದು ಗೇಣಿಂದ ಎರಡು ಮೂರು ಅಡಿವರೆಗೆ ಅಷ್ಟೇ, ಕ್ಯಾಬ್ ಭಾಗದಲ್ಲಿ ಉಕ್ಕಿನ ತಗಡು ಸಿಕ್ಕಿದ್ರೆ ಮ್ಯಾಗ್ನೆಟ್ ಅಲ್ಲೇ ಕೂರುತ್ತೆ.

ಇದಕ್ಕೆ ಲೈಸೆನ್ಸ್ ಬೇಕು. ಹೆದರ್ಬೇಡಿ, ಪರೀಕ್ಷೆ ಇಲ್ಲ, 35 ಡಾಲರ್, ಹತ್ತು ವರ್ಷಕ್ಕೆ. 2022ರ ಏಪ್ರಿಲ್‌ವರೆಗೆ 70 ಇತ್ತು. ಹದಿನೆಂಟು ವರ್ಷ ಆಗಿರಬೇಕು, ಸಿಟಿಜನ್ ಆಗಿರಬೇಕು ಅಂತೇನಿಲ್ಲ, ಎಚ್1ಬಿಯವರೂ ತಗೋಬಹುದು. ನನಗೆ ಇದರಲ್ಲಿ ತುಂಬಾ ಇಷ್ಟ ಆಗೋದು ಒಬ್ಬರ ಲೈಸೆನ್ಸ್‌ನಲ್ಲಿ ಯಾರ್ಯಾರು ಮಾತಾಡಬಹುದು ಅನ್ನೋ ಪಟ್ಟಿ. ಗಂಡ ಹೆಂಡತಿ, ಮಕ್ಕಳು, ಮೊಮ್ಮಕ್ಕಳು, ಅಪ್ಪ ಅಮ್ಮ, ಅಜ್ಜ ಅಜ್ಜಿ, ಅಣ್ಣ ತಮ್ಮ ಅಕ್ಕ ತಂಗಿ, ಚಿಕ್ಕಪ್ಪ ದೊಡ್ಡಪ್ಪ ಸೋದರತ್ತೆ ಸೋದರಮಾವ, ಅವರಣ್ಣನ ಮಗ ಇವರಕ್ಕನ ಮಗಳು, ಅತ್ತೆ ಮಾವನ ಕಡೆಯವರು, ಎಲ್ರೂ ಬರ್ತಾರೆ. ಅಮೆರಿಕಾ ಸರ್ಕಾರ ನಮ್ಮ ಮದುವೆ ಲಗ್ನಪತ್ರಿಕೆ ನೋಡಿ ಬರೆದ ಹಾಗಿದೆ. ಫ್ರೆಂಡ್ ಸಂಸಾರ ಮಾತ್ರ ಇದರಲ್ಲಿ ಬರಲ್ಲ, ಅವರು ಬೇರೆ ತಗೋಬೇಕು.

ಈಗ ಮೈಲಿ ಸುಳ್ಳಿನ ಬಗ್ಗೆ. ಡಬ್ಬದ ಮೇಲೆ 35 ಮೈಲಿ ಅಂತ ದೊಡ್ಡದಾಗಿ ಬರೆದಿರುತ್ತೆ. ಪೂರ್ತಿ ಸುಳ್ಳಲ್ಲ, ನೀವೊಂದು ಬೆಟ್ಟದ ತುದೀಲಿ, ಅವರೊಂದು ಬೆಟ್ಟದ ತುದೀಲಿ, ನಡುವೆ ಏನೂ ಇಲ್ಲ ಅಂದ್ರೆ ಹೋಗುತ್ತೆ. ಈ ಬ್ಯಾಂಡ್‌ನ ಅಲೆ ಸುಮಾರು ನೇರ ಹೋಗುತ್ತೆ, ಭೂಮಿ ಗುಂಡಗಿದೆ, ಹಾಗಾಗಿ ನೆಲದ ಮೇಲೆ ನಿಂತ ಇಬ್ಬರ ನಡುವೆ ಬಟಾ ಬಯಲಲ್ಲೂ ಲೆಕ್ಕದ ಪ್ರಕಾರ ಹತ್ತು ಕಿಲೋಮೀಟರ್ ಆಸುಪಾಸಿಗೆ ಮುಗಿಯುತ್ತೆ. ಆರ್‌ವಿ ಚಾವಣಿ ಎತ್ತರದಲ್ಲಿ ಎರಡೂ ಕಡೆ ಆಂಟೆನಾ ಇದ್ರೆ ಹದಿನೈದು. ಕಾಡು, ತಿರುವು, ಗುಡ್ಡ ಬಂದ್ರೆ ಒಂದು ಮೈಲಿ ಸಿಕ್ಕಿದ್ರೆ ಪುಣ್ಯ. ವಾಟ್ ಜಾಸ್ತಿ ಮಾಡಿದ್ರೆ ಗುಡ್ಡ ಕರಗಲ್ಲ. ಆಂಟೆನಾ ಮೇಲೆ ಏರಿಸಿದ್ರೆ, ಹೊರಗೆ ಹಾಕಿದ್ರೆ ಮಾತ್ರ ವ್ಯತ್ಯಾಸ ಕಾಣೋದು, ಅದಕ್ಕೇ ದುಡ್ಡು ಖರ್ಚು ಮಾಡೋದಿದ್ರೆ ಆಂಟೆನಾಗೆ ಮಾಡಿ.

"ಪ್ರೈವಸಿ ಕೋಡ್" ಅಂತನೂ ಬರೆದಿರ್ತಾರೆ. ಅದರಲ್ಲಿ ಪ್ರೈವಸಿ ಏನೂ ಇಲ್ಲ. ಬೇರೆಯವರ ಮಾತು ನಿಮಗೆ ಕೇಳದ ಹಾಗೆ ಮಾಡುತ್ತೆ, ನಿಮ್ಮ ಮಾತು ಎಲ್ಲರಿಗೂ ಕೇಳ್ತಾನೇ ಇರುತ್ತೆ. ಗಾಡಿ ಎಲ್ಲಿ ಬಿಟ್ಟಿದೀವಿ, ಕೀ ಎಲ್ಲಿದೆ ಅಂತೆಲ್ಲ ಹೇಳ್ಬೇಡಿ. ಒಬ್ಬರ ಸೆಟ್‌ನಲ್ಲಿ ಕೋಡ್ ಇದ್ದು ಇನ್ನೊಬ್ಬರದರಲ್ಲಿ ಇಲ್ಲದಿದ್ರೆ ಒಂದು ಕಡೆ ಮಾತ್ರ ಕೇಳುತ್ತೆ, ಸೆಟ್ ಕೆಟ್ಟೋಯ್ತು ಅಂತ ವಾಪಸ್ ಕೊಡೋರು ಎಷ್ಟೋ ಜನ. ಹೊರಡೋ ಮುಂಚೆ ಎಲ್ಲ ಸೆಟ್ಟಲ್ಲೂ ಕೋಡ್ ಆಫ್ ಮಾಡಿ, ಒಂದೇ ಚಾನೆಲ್ ಇಡಿ, ಮುಗೀತು.

ಎಮರ್ಜೆನ್ಸಿ ವಿಷಯಕ್ಕೆ ಬಂದ್ರೆ ನಾನು ರೇಡಿಯೋ ಪಕ್ಷ ಬಿಟ್ಬಿಡ್ತೀನಿ. ನೆವಾಡಾದಲ್ಲಿ ಹೈವೇ 50 ಇದೆ, 1986ರಲ್ಲಿ ಲೈಫ್ ಮ್ಯಾಗಜೀನ್ ಅಮೆರಿಕಾದ ಅತ್ಯಂತ ಒಂಟಿ ರಸ್ತೆ ಅಂತ ಕರೆದಿದ್ದು, ಅಂಥ ಕಡೆ ಎಂಜಿನ್ ಕೆಟ್ಟು ಎದೆನೋವು ಬಂದ್ರೆ ವಾಕಿ ಟಾಕೀಲಿ ಕೂಗೋಕೆ ಯಾರೂ ಇರಲ್ಲ. 2022ರ ನವೆಂಬರ್‌ನಿಂದ ಐಫೋನ್ 14 ಮತ್ತು ಆಮೇಲಿನವುಗಳಲ್ಲಿ ಸ್ಯಾಟಲೈಟ್ ಮೂಲಕ ಎಸ್‌ಒಎಸ್ ಇದೆ, ಸ್ಯಾಟಲೈಟ್ ಮೂಲಕ ಮೆಸೇಜ್ ಕಳಿಸೋ ಗಾರ್ಮಿನ್ ಇನ್‌ರೀಚ್ ಥರದ ಡಬ್ಬ ಇದೆ, ಅದನ್ನ ಇಟ್ಕೊಳ್ಳಿ. ಮನೇಲೇ ಡೆಮೋ ಮೋಡ್‌ನಲ್ಲಿ ಒಂದ್ಸಲ ಮಾಡಿ ನೋಡಿ, ಆಕಾಶದ ಕಡೆ ಹೇಗೆ ಹಿಡೀಬೇಕು ಅಂತ ಗಾಬರಿಯಲ್ಲಿ ಕಲಿಯೋದು ಬೇಡ.

ಒಂದು ತಿದ್ದುಪಡಿ ಹೇಳ್ಲೇಬೇಕು. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ನಾರ್ತ್ ಕ್ಯಾರೊಲಿನಾದ ಬೆಟ್ಟಗಳಿಗೆ ಬಡಿದಾಗ ಟವರ್ ಹೋಯ್ತು, ಕರೆಂಟ್ ಹೋಯ್ತು, ಆಶ್‌ವಿಲ್ ಸುತ್ತ ಮುತ್ತ ಯಾವ ರೋಡ್ ಉಳಿದಿದೆ, ಯಾರು ಎಲ್ಲಿ ಸಿಕ್ಕಾಕ್ಕೊಂಡಿದಾರೆ ಅನ್ನೋ ಸುದ್ದಿ ಮೌಂಟ್ ಮಿಚೆಲ್ ಮೇಲಿನ ಒಂದು ಹ್ಯಾಮ್ ರಿಪೀಟರ್ ಮೂಲಕ ಓಡಾಡ್ತು. ಹ್ಯಾಮ್‌ನ ಮೊದಲ ಹಂತದ ಲೈಸೆನ್ಸ್ ಆದ ಟೆಕ್ನಿಷಿಯನ್ ಪರೀಕ್ಷೆ 35 ಪ್ರಶ್ನೆ, 26 ಸರಿ ಇದ್ರೆ ಪಾಸ್, ಮೋರ್ಸ್ ಕೋಡ್ 2007ರಿಂದ ಬೇಡ. ಮಾಡ್ಕೊಳ್ಳಿ ಅಂತ ಆಸೆಯಿಂದ ಹೇಳ್ತೀನಿ, ಒಂದು ವಾರದ ಟ್ರಿಪ್‌ಗೋಸ್ಕರ ಮಾಡ್ಕೊಳ್ಳಿ ಅಂತ ಹೇಳಲ್ಲ. ಆದ್ರೆ ಕೊಳ್ಳೋ ವಾಕಿ ಟಾಕೀಲಿ ನೋವಾ (ಅಮೆರಿಕಾ ಸರ್ಕಾರದ ಹವಾಮಾನ ಸಂಸ್ಥೆ) ವೆದರ್ ಚಾನೆಲ್ ಇರೋದು ನೋಡಿ ತಗೊಳ್ಳಿ, ಸುಮಾರು ಸೆಟ್ಟಲ್ಲಿ ಇರುತ್ತೆ. ಗಾಳಿ ಮಳೆ ಟಾರ್ನೇಡೋ ಎಚ್ಚರಿಕೆ ಹಗಲೂ ರಾತ್ರಿ ಬರ್ತಿರುತ್ತೆ, ಇಂಟರ್ನೆಟ್ ಬೇಡ. ಕಾನ್ಸಸ್ ಬಯಲಲ್ಲಿ ಎತ್ತರದ ಗಾಡೀಲಿ ಹೋಗ್ತಾ ಗಾಳಿ ಎಚ್ಚರಿಕೆ ಮುಂಚೆ ಸಿಕ್ಕಿದ್ರೆ ಅದೇ ದೊಡ್ಡದು.

ಮಾತು ಮುಗಿದ ಮೇಲೆ ಕೇಳಿದ ಪ್ರಶ್ನೆಗಳನ್ನೂ ಹಾಕ್ತೀನಿ.

ಒಬ್ಬರು ಕೇಳಿದ್ರು, ಆನ್‌ಲೈನ್‌ನಲ್ಲಿ ಬಾವೊಫೆಂಗ್ ಕಂಪನಿಯ ಅಗ್ಗದ ರೇಡಿಯೋ ಸಿಗುತ್ತಲ್ಲ, ಅದರಲ್ಲಿ ಎಲ್ಲ ಫ್ರೀಕ್ವೆನ್ಸಿ ಬರುತ್ತೆ, ಅದನ್ನೇ ತಗೊಂಡ್ರೆ? ಅವರ ಹ್ಯಾಮ್ ಸೆಟ್‌ಗಳು ಹ್ಯಾಮ್ ಲೈಸೆನ್ಸ್ ಇರೋರಿಗೆ. ಅದನ್ನ ಎಫ್‌ಆರ್‌ಎಸ್, ಜಿಎಂಆರ್‌ಎಸ್ ಚಾನೆಲ್‌ಗೆ ತಿರುಗಿಸಿ ಮಾತಾಡೋಕೆ ಅನುಮತಿ ಇಲ್ಲ. ಅದೇ ಕಂಪನಿ ಜಿಎಂಆರ್‌ಎಸ್‌ಗೆ ಅಂತಾನೇ ಸರ್ಟಿಫೈ ಆದ ಸೆಟ್ಟನ್ನೂ ಮಾರುತ್ತೆ, ಅದು ತಗೊಳ್ಳಿ, ಬೆಲೆಯಲ್ಲಿ ಅಂಥ ವ್ಯತ್ಯಾಸ ಏನಿಲ್ಲ.

ಸ್ಟಾರ್‌ಲಿಂಕ್ ಎಲ್ಲ ಗಾಡೀಲೂ ಇದ್ರೆ ಗ್ರೂಪ್ ಕಾಲ್ ಸಾಕಲ್ವಾ ಅಂತ ಇನ್ನೊಬ್ಬರು. ಸಾಲು ಗಾಡಿ ಮಾತಿಗೆ ಸಾಕು, ಒಪ್ತೀನಿ, ಆಕಾಶ ತೆರೆದಿರೋವರೆಗೆ. ದಟ್ಟ ರೆಡ್‌ವುಡ್ ಮರಗಳ ಕೆಳಗೆ ಅದು ಕಣ್ಣುಮುಚ್ಚಾಲೆ ಆಡುತ್ತೆ, ಮರಗಳ ಕೆಳಗೇ ಅಲ್ವಾ ರಿವರ್ಸ್ ಕಷ್ಟ ಆಗೋದು.

ಕನ್ನಡದಲ್ಲಿ ಮಾತಾಡಬಹುದಾ ಅಂತ ಒಬ್ಬ ಅಜ್ಜಿ ಕೇಳಿದ್ರು, ಎಲ್ರೂ ನಕ್ಕರು, ಆದ್ರೆ ಸರಿಯಾದ ಪ್ರಶ್ನೆ. ಧಾರಾಳವಾಗಿ ಮಾತಾಡಿ ಅಜ್ಜಿ. ಜಿಎಂಆರ್‌ಎಸ್‌ನಲ್ಲಿ ಕಾಲ್ ಸೈನ್ (ಲೈಸೆನ್ಸ್ ಜೊತೆ ಸಿಗೋ ಗುರುತು) ಮಾತ್ರ ಇಂಗ್ಲಿಷ್‌ನಲ್ಲಿ ಹೇಳಬೇಕು, ಹದಿನೈದು ನಿಮಿಷಕ್ಕೊಂದ್ಸಲ ಮತ್ತೆ ಮಾತು ಮುಗಿಸುವಾಗ. ನಡುವಿನದೆಲ್ಲ ನಿಮ್ಮಿಷ್ಟ.

ಕೊನೆಗೆ ಬಂದಿದ್ದು, ಇದೇ ಸೆಟ್ ಊರಿಗೆ ತಗೊಂಡು ಹೋಗಿ ಸಕಲೇಶಪುರ, ಕೊಡಗು, ಲಡಾಖ್ ಟ್ರಿಪ್‌ಗೆ ಬಳಸಬಹುದಾ? ಬೇಡ. ಇಲ್ಲಿಯ ಸೆಟ್‌ಗಳು 462, 467 ಮೆಗಾಹರ್ಟ್ಸ್‌ನಲ್ಲಿ ಓಡೋದು, ಇಂಡಿಯಾದಲ್ಲಿ ಅದು ಲೈಸೆನ್ಸ್ ಇಲ್ಲದೆ ಬಳಸೋ ಬ್ಯಾಂಡ್ ಅಲ್ಲ. ಅಲ್ಲಿ 2018ರ ನಿಯಮದಲ್ಲಿ ಕಮ್ಮಿ ಪವರ್ ವಾಕಿ ಟಾಕಿಗೆ ಲೈಸೆನ್ಸ್ ಬೇಡ ಅಂತ ಬಿಟ್ಟಿರೋದು 446.0ಯಿಂದ 446.2 ಮೆಗಾಹರ್ಟ್ಸ್. ಆನ್‌ಲೈನ್‌ನಲ್ಲಿ ಕಂಡ ಕಂಡ ವಾಕಿ ಟಾಕಿ ಮಾರ್ತಿದಾರೆ ಅಂತ 2025ರಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಅದಕ್ಕೇ ಬೇರೆ ಮಾರ್ಗಸೂಚಿ ತಂತು. ಹಾಗಾಗಿ ಅಲ್ಲೇ, 446 ಅಂತ ಬರೆದಿರೋ, ಸರ್ಕಾರದ ಇಟಿಎ ಅನುಮೋದನೆ ಇರೋ ಸೆಟ್ ನೋಡಿ ಕೊಂಡ್ಕೊಳ್ಳಿ. ಗಾರ್ಮಿನ್ ಇನ್‌ರೀಚ್, ಸ್ಯಾಟಲೈಟ್ ಫೋನ್ ಅಂತೂ ಬ್ಯಾಗಲ್ಲಿ ಹಾಕ್ಕೊಂಡು ಹೋಗಲೇಬೇಡಿ, ಅನುಮತಿ ಇಲ್ಲದೆ ಇಟ್ಕೊಂಡಿದ್ರೆ ಏರ್‌ಪೋರ್ಟ್‌ನಲ್ಲೇ ಹಿಡೀತಾರೆ, ಪೊಲೀಸ್ ಕೇಸ್ ಆಗುತ್ತೆ. ಅದನ್ನ ಇಲ್ಲೇ ಮನೇಲಿ ಬಿಟ್ಟು ಹೋಗಿ.